ಗಾಡಿಯನ್ನೆತ್ತುವ ಗಾಳಿ

ಆಷಾಢದ ಗಾಳಿಯು ಮಡಿಕೇರಿಯ ಹೆಂಚುಗಳನ್ನು ಕೆಳಗಿನಿಂದ ನೂಕುವುದೆಂದೇ ಅನೇಕರ ನಂಬುಗೆ. ಮಾಡಿನ ಮೇಲೆ ವೇಗವಾಗಿ ಸರಿಯುವ ವಾಯುವಿನ ಒತ್ತಡವು ಕುಗ್ಗಿ, ಹೆಂಚು ಮೇಲಕ್ಕೆ ಸೆಳೆಯಲ್ಪಡುವುದೂ ಉಂಟು. ವೇಗವು ಇಮ್ಮಡಿಸಿದರೆ ಈ ಬಲವು ನಾಲ್ಮಡಿಸುವುದು. ಪಂದ್ಯದ ಮೋಟಾರುಗಾಡಿಗೂ ಇದೇ ಅಪಾಯ. ಚಕ್ರದ ಮೇಲಣ ಭಾರ ತಗ್ಗಿತೆಂದರೆ ಚುಕ್ಕಾಣಿಯೂ ಬ್ರೇಕೂ ನಿಷ್ಪ್ರಯೋಜಕ. 1997ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಗಂಟೆಗೆ 1,228 ಕಿಲೋಮೀಟರು ವೇಗದಿಂದೋಡಿ ಶಬ್ದವನ್ನೇ ಮೀರಿದ ‘ಥ್ರಸ್ಟ್ ಎಸ್‌ಎಸ್‌ಸಿ’ ಗಾಡಿಯು ಸುಮಾರು 10 ಟನ್ನು ತೂಗುತ್ತಿದ್ದಿತು. ಆ ವೇಗದಲ್ಲಿ ಅಷ್ಟು ತೂಕವನ್ನೂ ನೆಚ್ಚತಕ್ಕದ್ದಲ್ಲ.

ವಾಯುವಿಗೆ ರೂಪವಿಲ್ಲ, ಸ್ಪರ್ಶದಿಂದಲೇ ಅದನ್ನರಿಯಬೇಕೆಂಬುದು ತಾರ್ಕಿಕರ ಮತ. ಅಳೆಯುವ ಉಪಾಯವೂ ಅದಕ್ಕೊಪ್ಪುವಂತಿದೆ. ನಿಂತ ಗಾಡಿಯ ಸ್ಪ್ರಿಂಗು ಎಷ್ಟು ಕುಗ್ಗಿದೆಯೆಂದು ಗುರುತಿಸಿಕೊಂಡು, ಸಮನೆಲದಲ್ಲಿ ಏಕವೇಗದಿಂದ ಓಡುವಾಗ ಅದು ಎಷ್ಟು ಚಾಚಿತೆಂದು ನೋಡುವುದು. ಹಿಂದುಮುಂದಿನ ಚಕ್ರಗಳ ಲೆಕ್ಕವನ್ನು ಬೇರೆಬೇರೆಯಾಗಿಯೇ ಇಡತಕ್ಕದ್ದು. ಮೂಗೆತ್ತಿದ ಗಾಡಿಯನ್ನು ಗಾಳಿಯು ಮತ್ತಷ್ಟು ಎತ್ತುವುದು.