ವಿಜ್ಞಾನ ವಿಹಾರ: ಚೌಳುಮಣ್ಣಿನ ಗುಟ್ಟು

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಬೇಸಗೆಯಲ್ಲಿ ಪ್ರಯಾಣ ಮಾಡಿದವರು, ಹಸುರು ಗದ್ದೆಗಳ ನಡುವೆ ತಗ್ಗಿನ ತಾಕುಗಳಲ್ಲಿ ಸುಣ್ಣ ಎರಚಿದಂತೆ ಬಿಳುಪೇರಿದ ನೆಲವನ್ನು ಕಂಡಿರಬಹುದು. ಅದೇ ಚೌಳು. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದು ಈ ಸೀಮೆಗೆ ಕಬ್ಬು ಬತ್ತಗಳ ಸಿರಿಯನ್ನು ತಂದಿತು. ಆದರೆ ಬಸಿದುಹೋಗಲು ದಾರಿಯಿಲ್ಲದೆಡೆ ನೀರು ನೆಲದೊಳಗೆ ನಿಂತು, ಅಲ್ಲಿನ ಲವಣಗಳನ್ನು ಕರಗಿಸಿಕೊಂಡು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಲವಣ ಮಾತ್ರ ಉಳಿಯುತ್ತದೆ.

ನೋಟಕ್ಕೆ ಎಲ್ಲ ಚೌಳೂ ಒಂದೇ. ಮದ್ದು ಮಾತ್ರ ಒಂದೇ ಅಲ್ಲ. ಆದುದರಿಂದ ಆ ಬಿಳಿಯ ಪುಡಿ ಯಾವ ಲವಣವೆಂದು ತಿಳಿಯುವುದು ರೈತನಿಗೆ ಅನ್ನದ ಪ್ರಶ್ನೆ. ಹೈಸ್ಕೂಲಿನ ಪ್ರಯೋಗಶಾಲೆಯೇ ಇದಕ್ಕೆ ಉತ್ತರ ಹೇಳಬಲ್ಲುದು.

ನೀರಿನಲ್ಲಿ ಕರಗಿದ ಲವಣವು ವಿದ್ಯುದಂಶವುಳ್ಳ ಕಣಗಳಾಗಿ ಬೇರ್ಪಡುತ್ತದೆ. ಇವುಗಳಿಗೆ 'ಅಯಾನು' ಎಂಬ ಹೆಸರನ್ನು 1834ರಲ್ಲಿ ಬಳಕೆಗೆ ತಂದವನು ಮೈಕೇಲ್ ಫ್ಯಾರಡೆ. ಅಯಾನು ಕಣ್ಣಿಗೆ ಕಾಣದು. ಆದರೆ ತಕ್ಕ ಜೊತೆಗಾರ ದೊರೆತೊಡನೆ ತನ್ನ ಗುರುತನ್ನು ತಾನೇ ಬಿಟ್ಟುಕೊಡುತ್ತದೆ.

ಚೌಳುಪುಡಿಯನ್ನು ಸ್ವಲ್ಪವೇ ಭಟ್ಟಿ ಇಳಿಸಿದ ನೀರಿನಲ್ಲಿ ಕಲಕಿ ಶೋಧಿಸಬೇಕು. ಬಾವಿಯ ನೀರು ಸಲ್ಲದು, ಅದರಲ್ಲಿಯೂ ಲವಣಗಳಿರುತ್ತವೆ. ತಿಳಿಯನ್ನು ಮೂರು ಪ್ರನಾಳಗಳಿಗೆ ಹಂಚಬೇಕು.

ಮೊದಲನೆಯದಕ್ಕೆ ಸಾರಗುಂದಿದ ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಕಿದಾಗ ನೊರೆನೊರೆಯಾಗಿ ಅನಿಲ ಹೊರಟು, ಅದು ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡಿದರೆ ಕಾರ್ಬೊನೇಟ್ ಅಥವಾ ಬೈಕಾರ್ಬೊನೇಟ್ ಇದೆಯೆಂದು ಅರ್ಥ. ಎರಡನೆಯದಕ್ಕೆ ನೈಟ್ರಿಕ್ ಆಮ್ಲವನ್ನೂ ಬಳಿಕ ಸಿಲ್ವರ್ ನೈಟ್ರೇಟನ್ನೂ ಸೇರಿಸಿದಾಗ ಒಡೆದ ಮೊಸರಿನಂಥ ಬಿಳಿಯ ಒತ್ತರ ಬಂದು, ಅದು ಅಮೋನಿಯದಲ್ಲಿ ಕರಗಿದರೆ ಕ್ಲೋರೈಡ್. ಇಲ್ಲಿ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಳಸಿದರೆ ಪರೀಕ್ಷಕನು ತಾನೇ ಕ್ಲೋರೈಡನ್ನು ಬೆರೆಸಿ ತಾನೇ ಕಂಡುಹಿಡಿದಂತಾಗುತ್ತದೆ! ಮೂರನೆಯದಕ್ಕೆ ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಕಿ, ನೊರೆ ನಿಂತ ಮೇಲೆ ಬೇರಿಯಂ ಕ್ಲೋರೈಡನ್ನು ಸೇರಿಸಬೇಕು. ಆಮ್ಲಕ್ಕೂ ಜಗ್ಗದ ಬಿಳಿಯ ಒತ್ತರ ಕಂಡರೆ ಸಲ್ಫೇಟ್. ಪುಡಿಯನ್ನು ಪ್ಲಾಟಿನಂ ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿದಾಗ ಹೊಮ್ಮುವ ಹೊನ್ನಿನ ಹಳದಿ ಸೋಡಿಯಂನ ಗುರುತು. ಬೆವರಿದ ಬೆರಳು ತಾಕಿದ ತಂತಿಯೂ ಅದೇ ಬಣ್ಣವನ್ನು ತೋರುವುದರಿಂದ ಎಚ್ಚರವಿರಬೇಕು. ಆಮ್ಲಗಳು ಸುಡುತ್ತವೆ, ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುತ್ತದೆ; ಇವೆಲ್ಲ ಉಪಾಧ್ಯಾಯರ ಸಮ್ಮುಖದಲ್ಲಿಯೇ ನಡೆಯತಕ್ಕವು.

ಗೃಹಿಣಿಯರ ಬಳಿಯೂ ಒಂದು ಪರೀಕ್ಷೆಯುಂಟು. ಆರತಿಗಾಗಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿದೊಡನೆ ಅದು ಕೆಂಪಾಗುವುದನ್ನು ಅವರು ನಿತ್ಯವೂ ಕಂಡವರೇ. ಸೋಡಿಯಂ ಕಾರ್ಬೊನೇಟ್ ಇರುವ ಚೌಳಿನ ತಿಳಿಯೂ ಕ್ಷಾರವಾದ್ದರಿಂದ ಅರಿಶಿನವನ್ನು ಕೆಂಪಾಗಿಸುತ್ತದೆ. ಕ್ಲೋರೈಡ್, ಸಲ್ಫೇಟ್‌ಗಳ ತಿಳಿ ಹಾಗೆ ಮಾಡದು. ಹಿಂದೆ ಚೌಳುಮಣ್ಣಿನಿಂದ ಬಟ್ಟೆ ತೊಳೆಯುತ್ತಿದ್ದುದೂ ಈ ಕ್ಷಾರಗುಣದ ಬಲದಿಂದಲೇ.

ಈ ಭೇದದಿಂದ ಪ್ರಯೋಜನವೇನು? ಕ್ಲೋರೈಡ್, ಸಲ್ಫೇಟ್‌ಗಳ ಚೌಳಾದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ಕಟ್ಟಿ ತೊಳೆದರೆ ನೆಲ ಸುಧಾರಿಸುತ್ತದೆ. ಸೋಡಿಯಂ ಕಾರ್ಬೊನೇಟಿನದಾದರೆ ಬರಿಯ ನೀರು ಸಾಲದು. ಅಲ್ಲಿ ಸೋಡಿಯಂ ಜೇಡಿಗೆ ಅಂಟಿಕೊಂಡು ಅದರ ಕಣಗಳನ್ನು ಚದುರಿಸುತ್ತದೆ. ಮಣ್ಣಿನ ರಂಧ್ರಗಳು ಮುಚ್ಚಿ ನೀರು ಕೆಳಗಿಳಿಯುವುದೇ ಇಲ್ಲ. ಅದಕ್ಕೆ ಮದ್ದು ಜಿಪ್ಸಂ. ಅದರ ಕ್ಯಾಲ್ಸಿಯಂ ಸೋಡಿಯಂನ ಸ್ಥಾನವನ್ನು ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ಸಲ್ಫೇಟಾಗಿ ಬಸಿನೀರಿನೊಡನೆ ಹೋಗುತ್ತದೆ. ಬಸಿಗಾಲುವೆ ಮಾತ್ರ ಎರಡಕ್ಕೂ ಬೇಕು.

ಪ್ರನಾಳವು ಲವಣ ಯಾವುದೆಂದು ಹೇಳೀತೇ ಹೊರತು ಎಷ್ಟೆಂದು ಹೇಳದು. ಎಕರೆಗೆ ಜಿಪ್ಸಂ ಎಷ್ಟೆಂಬುದನ್ನು ಮಣ್ಣು ಪರೀಕ್ಷಾಲಯದಲ್ಲಿ ಅಳೆಸಿಯೇ ನಿಶ್ಚಯಿಸಬೇಕು. ರೋಗವನ್ನರಿಯದೆ ಮದ್ದು ಕೊಡುವ ವೈದ್ಯನನ್ನು ಯಾರೂ ನಂಬರು; ನೆಲಕ್ಕೂ ಅದೇ ನ್ಯಾಯ.