ಮಣ್ಣಲ್ಲಿ ಅಭ್ಯಾಸ, ಮ್ಯಾಟ್ ಮೇಲೆ ಪರೀಕ್ಷೆ

ತಾಲ್ಲೂಕು ಕ್ರೀಡಾಕೂಟದ ಸುದ್ದಿ ಹೇಗಿರುತ್ತದೆಂದು ನಿಮಗೆ ಗೊತ್ತು. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಗೆದ್ದ ತಂಡ ಯಾವುದು. ಮಂಡಿ ಹಿಡಿದುಕೊಂಡು ಅಂಕಣದಿಂದ ಹೊರಬಂದ ಹುಡುಗಿಗೆ ಅಲ್ಲಿ ಜಾಗವಿಲ್ಲ. ಕೇಳಿದರೆ ‘ಅವಳ ನಸೀಬು’ ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಅವಳು ನಿಂತಿದ್ದ ನೆಲವನ್ನು ಮೊದಲು ನೋಡಿ ಅನ್ನುತ್ತೇವೆ.

ಕಬಡ್ಡಿಯನ್ನೇ ತಗೊಳ್ಳಿ. ಹಳ್ಳಿ ಮಕ್ಕಳು ಕಲಿಯುವುದು ಬರಿಗಾಲಲ್ಲಿ, ಮಣ್ಣಲ್ಲಿ. ಮಣ್ಣಲ್ಲಿ ಕಾಲು ತುಸು ಜಾರುತ್ತದೆ, ಗಕ್ಕನೆ ತಿರುಗಿದರೆ ಪಾದವೂ ತಿರುಗುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಆ ತಿರುಚುವ ಬಲವೆಲ್ಲ ಮಂಡಿಯ ಮೇಲೆ. ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಹೀಗೆಯೇ. ಹುಡುಗಿಯರಿಗೆ ಈ ಅಪಾಯ ಇನ್ನೂ ಹೆಚ್ಚು. ಆಪರೇಷನ್ ಆದರೂ ಮತ್ತೆ ಅಂಕಣಕ್ಕಿಳಿಯಲು ಒಂಬತ್ತು ತಿಂಗಳು, ವರ್ಷ ಬೇಕು. ಕೂಲಿ ಮಾಡುವ ಮನೆಯಲ್ಲಿ ಅಷ್ಟು ದಿನ ಕಾಯುವವರು ಯಾರು? ಆಟವೂ ಹೋಯಿತು, ಕ್ರೀಡಾ ಕೋಟಾದ ನೌಕರಿಯ ಆಸೆಯೂ ಹೋಯಿತು.

ಹಾಗಂತ ಮ್ಯಾಟ್ ಬೇಡ ಎಂದು ನಾವು ಹೇಳುತ್ತಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದದ್ದೇ ಮ್ಯಾಟ್ ಮೇಲೆ. ಮುಂದೆ ಹೋಗಬೇಕಾದ ಮಗು ಅದರ ಮೇಲೆ ಆಡಲೇಬೇಕು. ಆದರೆ ವರ್ಷವಿಡೀ ಮಣ್ಣಲ್ಲಿ ಆಡಿಸಿ, ಆಯ್ಕೆಯ ದಿನ ಯಾರದೋ ಶೂ ತೊಡಿಸಿ ಮ್ಯಾಟ್ ಮೇಲೆ ಬಿಡುವುದು ಯಾವ ನ್ಯಾಯ?

‘ನಾವೂ ಮಣ್ಣಲ್ಲೇ ಆಡಿದವರು, ನಮಗೇನಾಯ್ತು?’ ಎಂದು ಕೇಳುವ ಹಿರಿಯರಿದ್ದಾರೆ. ಅಂಕಣವನ್ನು ಅಗೆದು, ಕಲ್ಲು ಆರಿಸಿ, ಮಣ್ಣು ಜರಡಿ ಹಿಡಿದು, ನೀರು ಚಿಮುಕಿಸಿ ಹದ ಮಾಡಿದ ಮಣ್ಣಿನ ಮಾತು ಅದು. ಈಗಿನ ಎಷ್ಟೋ ಶಾಲಾ ಮೈದಾನಗಳಲ್ಲಿ ಶಾಮಿಯಾನದ ಗೂಟದ ಗುಂಡಿ, ಜಲ್ಲಿ, ಗಾಜಿನ ಚೂರು. ಅದರ ಮೇಲೆ ಸುಣ್ಣದ ಗೆರೆ ಎಳೆದರೆ ಅಂಕಣ ಆಗುವುದಿಲ್ಲ.

ಯಾರಿಗೆ ಯಾವ ನೆಲ ಎಂಬ ಜಗಳ ನಮ್ಮೂರಿನದು ಮಾತ್ರವಲ್ಲ. 2015ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪನ್ನು ಕೆನಡಾದಲ್ಲಿ ಪೂರ್ತಿ ಕೃತಕ ಹುಲ್ಲಿನ ಮೇಲೆ ಆಡಿಸಿದರು. ‘ಗಂಡಸರಿಗೆ ನಿಜವಾದ ಹುಲ್ಲು, ನಮಗೇಕೆ ಇದು?’ ಎಂದು ಅಮೆರಿಕದ ಅಬಿ ವಾಂಬಾಕ್ ಮತ್ತಿತರರು 2014ರಲ್ಲೇ ಅಲ್ಲಿನ ಮಾನವ ಹಕ್ಕು ನ್ಯಾಯಮಂಡಳಿಗೆ ದೂರು ಕೊಟ್ಟಿದ್ದರು. ಕೊನೆಗೆ ದೂರು ಹಿಂತೆಗೆದುಕೊಂಡು ಅದೇ ನೆಲದಲ್ಲಿ ಆಡಬೇಕಾಯಿತು. ಜಗತ್ತಿಗೆ ಗೊತ್ತಿದ್ದ ಆಟಗಾರ್ತಿಯರ ಮಾತೇ ನಡೆಯಲಿಲ್ಲ. ಇನ್ನು ಒಂಬತ್ತನೇ ಕ್ಲಾಸಿನ ಹುಡುಗಿ ಯಾರನ್ನು ಕೇಳಬೇಕು? ಅವಳ ಪರವಾಗಿ ನಾವೇ ಕೇಳಬೇಕು.

ಕೇಳುವುದು ಹೆಚ್ಚೇನಿಲ್ಲ. ಪ್ರತಿ ತಾಲ್ಲೂಕಿಗೆ ಒಂದು ಮ್ಯಾಟ್ ಸೆಟ್ ಇರಲಿ, ಅದು ಗೋದಾಮಿನಲ್ಲಿ ಬೀಗದೊಳಗೆ ಕೊಳೆಯದಿರಲಿ. ಆಯ್ಕೆಗೆ ಮುನ್ನ ಕೆಲವು ವಾರ ಮಕ್ಕಳು ಅಳತೆಗೆ ಸರಿಯಾದ ಶೂ ತೊಟ್ಟು ಅದರ ಮೇಲೆ ಆಡಲಿ. ಮ್ಯಾಟಿನ ಜೋಡಣೆ ಬಿಟ್ಟಿದೆಯೇ, ಅಡಿಯ ನೆಲ ಸಮವಿದೆಯೇ, ಬೆವರಿನ ಪಸೆ ಒರೆಸಿದ್ದಾರೆಯೇ ಎಂದು ನೋಡಿ ಸಹಿ ಹಾಕುವವರು ಒಬ್ಬರಿರಲಿ. ಯಾರಿಗೆ, ಯಾವ ನೆಲದಲ್ಲಿ, ಹೇಗೆ ಪೆಟ್ಟಾಯಿತೆಂದು ಒಂದು ಪುಸ್ತಕದಲ್ಲಿ ದಾಖಲಾಗಲಿ.

ವೇದಿಕೆಯ ಹೂವಿನ ಹಾರಕ್ಕೆ ಬಿಲ್ ಇದೆ, ಶಾಮಿಯಾನಕ್ಕೆ ಬಿಲ್ ಇದೆ. ಅಂಕಣ ಹದ ಮಾಡಿದ್ದಕ್ಕೆ ಬಿಲ್ ಎಲ್ಲಿ? ಮುಂದಿನ ಕೂಟದಲ್ಲಿ ಈ ಒಂದು ಪ್ರಶ್ನೆಯನ್ನು ನೀವೂ ಕೇಳಿ.