ಟ್ರ್ಯಾಕ್ಟರಿಗೆ ಬ್ರೇಕು, ಟ್ರೇಲರಿಗೆ ದೇವರು!

ಸುಗ್ಗಿ ಬಂತೆಂದರೆ ಕೊಪ್ಪಳ ಜಿಲ್ಲೆಯ ರಸ್ತೆಗಳು ಟ್ರ್ಯಾಕ್ಟರುಗಳ ಪಾಲು. ಗಂಗಾವತಿಯ ಭತ್ತ, ಯಲಬುರ್ಗಾದ ಕಡಲೆ, ಕುಷ್ಟಗಿಯ ಸಜ್ಜೆ ಪೇಟೆ ಸೇರುವುದು ಟ್ರೇಲರಿನಲ್ಲೇ. ಹುಲಿಗೆಮ್ಮನ ಜಾತ್ರೆ ಬಂದರೆ ಅದೇ ಟ್ರೇಲರಿನಲ್ಲಿ ಹೆಂಗಸರು, ಮಕ್ಕಳು. 'ಇದಕ್ಕೆ ಬ್ರೇಕು ಐತೇನ್ರೀ?' ಎಂದು ಕೇಳಿದರೆ, 'ಟ್ರ್ಯಾಕ್ಟರಿಗೆ ಐತಲ್ರೀ, ಸಾಕು ಬಿಡ್ರಿ' ಎಂಬ ಉತ್ತರ ಸಿದ್ಧ. ನಿಲ್ಲಿಸಿದಾಗ ಗಾಲಿಗೆ ಕೊಡುವ ಕಲ್ಲೇ ಅದರ ಬ್ರೇಕು!

ಸಾಕೇ? ಲೆಕ್ಕ ಹಾಕಿ ನೋಡಿ. 75 ಕೆ.ಜಿ.ಯ 70 ಚೀಲ ಭತ್ತ ಹೇರಿದರೆ ಸರಕೇ ಐದೂಕಾಲು ಟನ್ನು. ಟ್ರೇಲರಿನ ಸ್ವಂತ ತೂಕ ಬೇರೆ. ಎಳೆಯುವ ಟ್ರ್ಯಾಕ್ಟರಾದರೋ ಎರಡು ಟನ್ನಿನ ಆಸುಪಾಸು. ಗಂಟೆಗೆ 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 8 ಮೀಟರಿಗೂ ಮಿಕ್ಕ ಓಟ. ದಿಢೀರನೆ ತುಳಿದರೆ ಟ್ರ್ಯಾಕ್ಟರು ನಿಲ್ಲಲು ನೋಡುತ್ತದೆ, ಟ್ರೇಲರು ಹಿಂದಿನಿಂದ ನೂಕುತ್ತದೆ. ಕೊಂಡಿಯ ಬಳಿ ಎರಡೂ ಮಡಚಿಕೊಂಡರೆ ಮುಗಿಯಿತು. ಇನ್ನೊಂದು ಅಪಾಯವುಂಟು. ಟ್ರ್ಯಾಕ್ಟರಿನ ಎಡ-ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲು. ಹೊಲದಲ್ಲಿ ತಿರುಗಿಸಲು ಬಿಡಿಸಿದ ಚಿಲಕವನ್ನು ರಸ್ತೆಗಿಳಿದಾಗ ಹಾಕಲು ಮರೆತರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ.

ಬ್ರಿಟನ್ನಿನಲ್ಲಿ ವಸತಿ ಮೋಟಾರು ಗಾಡಿಯ ಹಿಂದೆ ಪುಟ್ಟ ಕಾರು ಕಟ್ಟಿ ಪ್ರವಾಸ ಹೋಗುವವರಿದ್ದಾರೆ. ಹಾಗೆ ಎಳೆಸಿಕೊಂಡು ಹೋಗುವ ಕಾರೂ ಟ್ರೇಲರೇ ಎಂಬುದು ಅಲ್ಲಿನ ಸಾರಿಗೆ ಇಲಾಖೆಯ ನಿಲುವು. ಅಂಥ ಟ್ರೇಲರಿನ ಒಟ್ಟು ತೂಕ 750 ಕೆ.ಜಿ. ದಾಟಿದರೆ ಬ್ರೇಕು ಕಡ್ಡಾಯ. ನಮ್ಮ ಲೆಕ್ಕದಲ್ಲಿ ಬರೀ ಹತ್ತು ಚೀಲ ಭತ್ತ!

ನಮ್ಮ ಕಾನೂನೂ ಕಣ್ಣು ಮುಚ್ಚಿ ಕುಳಿತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಂಜಿನ್ನಿಲ್ಲದ ಟ್ರೇಲರೂ 'ಮೋಟಾರು ವಾಹನ'ವೇ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು. ಅಪಾಯ ತರುವಂಥ ದೋಷವಿದೆಯೆಂದು ಗೊತ್ತಿದ್ದೂ ವಾಹನವನ್ನು ರಸ್ತೆಗಿಳಿಸಿದರೆ 190ನೆಯ ಕಲಮಿನಡಿ ಅಪರಾಧ. 2019ರ ತಿದ್ದುಪಡಿ ಇದರ ದಂಡವನ್ನು 250 ರೂಪಾಯಿಯಿಂದ 1,500ಕ್ಕೆ ಏರಿಸಿತು.

ಆದರೆ ಸುಗ್ಗಿಯ ನಡುವೆ ರೈತನನ್ನು ಅಡ್ಡಹಾಕಿ ರಸೀದಿ ಹರಿದರೆ ಬ್ರೇಕು ಹುಟ್ಟುವುದಿಲ್ಲ. ಟ್ರೇಲರು ಕಟ್ಟುವ ವರ್ಕ್‌ಶಾಪಿನಲ್ಲಿ, ನೋಂದಣಿಯ ಮೇಜಿನ ಮುಂದೆ ತಪಾಸಣೆ ಆಗಬೇಕು. ಹಳೆಯವಕ್ಕೆ ಸುಗ್ಗಿಗೆ ಮುಂಚೆಯೇ ಎಪಿಎಂಸಿ ಅಂಗಳದಲ್ಲಿ ಶಿಬಿರ ನಡೆಸಿ, ಕಡಿಮೆ ಖರ್ಚಿನಲ್ಲಿ ಬ್ರೇಕು ಕೂಡಿಸಿಕೊಡಬೇಕು. ಜಾತ್ರೆಗೆ ಜನರನ್ನು ತುಂಬುವುದಂತೂ ನಿಲ್ಲಲೇಬೇಕು.

ಭತ್ತದ ಚೀಲ ಚೆಲ್ಲಿದರೆ ಬಳಿದುಕೊಳ್ಳಬಹುದು, ಚೆಲ್ಲಿದ ರಕ್ತವನ್ನಲ್ಲ. ಆರ್‌ಟಿಓ ಸಾಹೇಬರು ಈ ಸುಗ್ಗಿಗೆ ಮುಂಚೆ ಇತ್ತ ಕಣ್ಣು ಹಾಯಿಸುವರೇ?